ಒಡೆದು ನೋಡಿದ ಕನ್ನಡಿ

ಒಡೆದ ಕನ್ನಡಿಯನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದೆಂದು ನಮ್ಮ ಅವ್ವ ಹೇಳುತ್ತಿದ್ದಳು. ಗೋಡೆಯ ಕನ್ನಡಿ ಕೈಜಾರಿ ಬಿದ್ದರೆ ಅದರ ಚೂರುಗಳನ್ನು ಒಂದೂ ಬಿಡದೆ ಆರಿಸಿ, ಹಿತ್ತಲಿನಾಚೆ ಹುಗಿದು ಬಂದು, ಕೈಕಾಲು ತೊಳೆದುಕೊಂಡ ಮೇಲೆಯೇ ಅವಳಿಗೆ ಸಮಾಧಾನ. ಅಂಥವಳ ಮಗನಾದ ನಾನು ೨೦೨೪ರ ಮೇ ತಿಂಗಳ ಒಂದು ರವಿವಾರ, ಬೆಳಗಾವಿಯ ಟಿಳಕವಾಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು, ಚೆನ್ನಾಗಿಯೇ ಇದೆಯೆಂದು ತಿಳಿದಿದ್ದ ಒಂದು ಕನ್ನಡಿಯನ್ನು ಬೇಕೆಂದೇ ಒಡೆಯಲು ಹೊರಟೆ. ಅದೂ ಎಂಥ ಕನ್ನಡಿ? ಅವಳ ದನಿಯನ್ನೇ ಒಳಗಿಟ್ಟುಕೊಂಡಿದ್ದ ಕನ್ನಡಿ.

ಒಗಟನ್ನು ಬಿಡಿಸಿ ಹೇಳುತ್ತೇನೆ. ಕಂಪ್ಯೂಟರಿನಲ್ಲಿ ನಾವು ಕೂಡಿಡುವುದೆಲ್ಲ ಅದರೊಳಗಿನ ಡಿಸ್ಕ್ ಎಂಬ ಡಬ್ಬಿಯಲ್ಲಿ ಕೂಡುತ್ತದೆ. ಆ ಡಬ್ಬಿಯೊಳಗೆ ನಿಮಿಷಕ್ಕೆ ಐದು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುವ ತಟ್ಟೆಗಳಿವೆ. ತಿರುಗುವುದೆಲ್ಲ ಒಂದು ದಿನ ನಿಲ್ಲಲೇಬೇಕು. ಆದ್ದರಿಂದ ಜಾಣರು ಒಂದರ ಬದಲು ಎರಡು ಡಿಸ್ಕುಗಳನ್ನಿಟ್ಟು, ಒಂದರ ಮೇಲೆ ಬರೆದದ್ದನ್ನು ಅದೇ ಗಳಿಗೆಯಲ್ಲಿ ಇನ್ನೊಂದರ ಮೇಲೂ ಬರೆಯುವಂತೆ ಏರ್ಪಾಡು ಮಾಡುತ್ತಾರೆ. ಒಂದು ಕೆಟ್ಟರೆ ಇನ್ನೊಂದು ಏನೂ ಆಗಿಲ್ಲವೆಂಬಂತೆ ಕೆಲಸ ಮುಂದುವರಿಸುತ್ತದೆ. ಇದಕ್ಕೆ ‘ಮಿರರಿಂಗ್’ ಎಂದು ಹೆಸರು. ಕನ್ನಡಿ ಹಿಡಿಯುವುದು ಎನ್ನೋಣ. ೧೯೮೮ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಪ್ಯಾಟರ್ಸನ್, ಗಿಬ್ಸನ್, ಕಾಟ್ಸ್ ಎಂಬ ಮೂವರು ಪಂಡಿತರು ಅಗ್ಗದ ಡಿಸ್ಕುಗಳನ್ನು ಗುಂಪುಗೂಡಿಸಿ ಭದ್ರತೆ ಪಡೆಯುವ ಬಗೆಗಳನ್ನು ಒಂದು ಪ್ರಬಂಧದಲ್ಲಿ ವಿಂಗಡಿಸಿದರು. ಅಂಥ ಗುಂಪಿಗೆ ‘ರೇಡ್’ ಎಂದು ಹೆಸರಿಟ್ಟು, ಅದಾಗಲೇ ಬಳಕೆಯಲ್ಲಿದ್ದ ಕನ್ನಡಿಗೆ ಮೊದಲನೆಯ ಮೆಟ್ಟಿಲನ್ನು ಕೊಟ್ಟರು. ಬೇರೆ ಯಂತ್ರಭಾಗವೇನೂ ಬೇಡದೆ, ಬರಿಯ ತಂತ್ರಾಂಶದಿಂದಲೇ ಈ ಕೆಲಸ ಮಾಡುವ ಅನುಕೂಲ ಲಿನಕ್ಸಿನಲ್ಲಿ ದುಡ್ಡಿಲ್ಲದೆ ದೊರೆಯುತ್ತದೆ.

ಇನ್ನು ಅದರಲ್ಲಿ ಇಟ್ಟದ್ದರ ಮಾತು. ೧೯೮೭ರ ಬೇಸಿಗೆಯಲ್ಲಿ, ಖಾನಾಪುರದ ನಮ್ಮ ಹಳೆಯ ಮನೆಯಲ್ಲಿ, ಅವ್ವ ಮತ್ತು ಚಿಗವ್ವ ಬೀಸುವ ಕಲ್ಲಿನ ಮುಂದೆ ಎದುರುಬದುರು ಕೂತು ಹಾಡಿದ ಪದಗಳನ್ನು ನಾನು ಎರವಲು ತಂದ ಟೇಪ್ ರೆಕಾರ್ಡರಿನಲ್ಲಿ ಹಿಡಿದಿದ್ದೆ. ಚಿಗವ್ವ ಅವ್ವನ ಬೆನ್ನಿಗೆ ಹುಟ್ಟಿದ ತಂಗಿ. ನಮ್ಮ ಕಾಕಾನನ್ನು ಮದುವೆಯಾಗಿ ಅದೇ ಮನೆಗೆ ಬಂದವಳು. ಒಬ್ಬಳು ಒಂದು ಸಾಲು ಎತ್ತುವುದು, ಇನ್ನೊಬ್ಬಳು ಅದನ್ನೇ ತಿರುಗಿ ಹೇಳುವುದು. ಅಷ್ಟರಲ್ಲಿ ಮೊದಲಿನವಳಿಗೆ ಉಸಿರೂ ಮುಂದಿನ ಸಾಲೂ ಎರಡೂ ಸಿಗುತ್ತಿದ್ದವು. ನಡುನಡುವೆ ಒಂದೊಂದು ಮರಾಠಿ ಓವಿ. ನಮ್ಮ ತಾಲೂಕಿನ ಬೀಸುವ ಕಲ್ಲಿಗೆ ಎರಡು ಭಾಷೆಯೂ ಬರುತ್ತವೆ. ಊರಿಗೆ ಹಿಟ್ಟಿನ ಗಿರಣಿ ಬಂದು ಆಗಲೇ ಬಹಳ ವರ್ಷವಾಗಿತ್ತು. ನನ್ನ ಒತ್ತಾಯಕ್ಕೆ ಖಾಲಿ ಕಲ್ಲಿನ ಮುಂದೆ ಕೂತ ಚಿಗವ್ವ, “ಕಾಳಿಲ್ಲದ ಕಲ್ಲು ತಿರುವಿದ್ರ ಪದ ಹೆಂಗ ಬರ್ತಾವೋ?” ಎಂದು ಗೊಣಗಿ, ಜೋಳ ತರಿಸಿಕೊಂಡ ಮೇಲೆಯೇ ಬಾಯಿ ತೆರೆದಳು. ಒಟ್ಟು ಏಳು ಕ್ಯಾಸೆಟ್ಟುಗಳಾದವು.

ಅವ್ವ ೧೯೯೬ರಲ್ಲಿ ತೀರಿಕೊಂಡಳು. ೨೦೦೮ರಲ್ಲಿ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿ, ಮೂಲವನ್ನು ಖಾನಾಪುರದ ಮನೆಯ ಟ್ರಂಕಿನಲ್ಲಿಟ್ಟೆ. ಖಾನಾಪುರದ ಮಳೆಯನ್ನು ಬಲ್ಲವರೇ ಬಲ್ಲರು. ಮಲಪ್ರಭೆ ಹುಟ್ಟುವ ಕಣಕುಂಬಿ ಅದೇ ತಾಲೂಕಿನ ಘಟ್ಟದಂಚಿನ ಊರು. ಆಷಾಢದಲ್ಲಿ ಗೂಟಕ್ಕೆ ತಗುಲಿಹಾಕಿದ ಚರ್ಮದ ಚೀಲಕ್ಕೂ ಬೂಸ್ಟು ಹಿಡಿಯುವ ಸೀಮೆ ಅದು. ೨೦೧೯ರ ಆಗಸ್ಟಿನಲ್ಲಿ ಬೆಳಗಾವಿ ಜಿಲ್ಲೆಯನ್ನೆಲ್ಲ ಮುಳುಗಿಸಿದ ಆ ಮಳೆಯಲ್ಲಿ ನಮ್ಮ ಮನೆಯ ಹಿಂಗೋಡೆ ಕುಸಿಯಿತು. ಟ್ರಂಕು ಎರಡು ದಿನ ಕೆಸರುನೀರಿನಲ್ಲಿ ಕೂತಿತು. ಮುಚ್ಚಳ ತೆರೆದಾಗ ಏಳು ಕ್ಯಾಸೆಟ್ಟುಗಳೂ ಕೆಂಪು ಮಣ್ಣಿನ ಏಳು ಹೆಂಟೆಗಳಾಗಿದ್ದವು. ಅಂದಿನಿಂದ ಅವ್ವನ ದನಿ ಈ ಜಗತ್ತಿನಲ್ಲಿ ಉಳಿದದ್ದು ಒಂದೇ ಒಂದು ಕಡೆ: ನನ್ನ ಕಂಪ್ಯೂಟರಿನೊಳಗೆ.

ಈ ಭಯಕ್ಕೆ ನನ್ನ ಅಕ್ಕನ ಮಗ ಕಂಡುಹಿಡಿದ ಮದ್ದೇ ಕನ್ನಡಿ. ಆತ ಇದೇ ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದಿದವನು. ಆ ವರ್ಷದ ದೀಪಾವಳಿಗೆ ಒಂದೇ ಅಂಗಡಿಯಿಂದ ಒಂದೇ ತರಹದ ಎರಡು ಡಿಸ್ಕು ತಂದು, ಯಂತ್ರದ ಹೊಟ್ಟೆ ಸೀಳಿ ಜೋಡಿಸಿ, ಲಿನಕ್ಸ್ ಹಾಕಿ, ಕೈ ಒರೆಸಿಕೊಳ್ಳುತ್ತ ಹೇಳಿದ: “ಮಾಮಾ, ಇನ್ನ ಅರಾಮ ನಿದ್ದಿ ಮಾಡ್ರಿ. ಒಂದು ಹೋದ್ರ ಇನ್ನೊಂದು ಐತಿ.” ನಾನು ಅವನ ಮಾತನ್ನು ನಂಬಿ ನಾಲ್ಕೂವರೆ ವರ್ಷ ಅರಾಮವಾಗಿ ನಿದ್ದೆ ಮಾಡಿದೆ.

ನಿದ್ದೆ ಕೆಡಿಸಿದ್ದು ಒಂದು ನೀರಿನ ಗಡಿಗೆ. ಬೇಸಿಗೆಗೆಂದು ಗಡಿಗೆ ಕೊಳ್ಳಲು ಪೇಟೆಗೆ ಹೋಗಿದ್ದೆ. ಖಾನಾಪುರದ ಮಣ್ಣು ಗಡಿಗೆಗೂ ಹಂಚಿಗೂ ಹೆಸರಾದದ್ದು. ಹುಟ್ಟೂರಿನ ಅಭಿಮಾನದಿಂದ ಅಲ್ಲಿಯ ಗಡಿಗೆಗಳ ಮುಂದೆ ಕೂತೆ. ಒಂದನ್ನೆತ್ತಿ ಬೆರಳ ಗೆಣ್ಣಿನಿಂದ ಬಾರಿಸಿದೆ, ಬೊದ್ದೆನ್ನಿತು. ಎರಡನೆಯದು, ಮೂರನೆಯದು, ನಾಲ್ಕನೆಯದು ಕಂಚಿನಂತೆ ಕಣ್ಣೆಂದಿತು. ಅದನ್ನು ಹೆಗಲ ಮೇಲಿಟ್ಟುಕೊಂಡು ಬರುವಾಗ ಹೊಳೆಯಿತು: ಎರಡು ದಿನಕ್ಕೊಮ್ಮೆ ತೊಳೆದಿಡುವ ಗಡಿಗೆಗೆ ನಾಲ್ಕು ಸಲ ಬಾರಿಸಿದೆನಲ್ಲ, ಅವ್ವನ ದನಿ ಇಟ್ಟ ಡಬ್ಬಿಯನ್ನು ಒಂದು ಸಲವಾದರೂ ಬಾರಿಸಿ ನೋಡಿದ್ದೇನೆಯೆ?

ನನ್ನ ವೃತ್ತಿಯೂ ಈ ಚುಚ್ಚುಮಾತಿಗೆ ಕುಮ್ಮಕ್ಕು ಕೊಟ್ಟಿತು. ಮೂವತ್ತು ವರ್ಷ ಲೆಕ್ಕಪತ್ರ ತಪಾಸಣೆ ಮಾಡಿದವನು ನಾನು. ಮುಂಚೆ ತಿಳಿಸದೆ ಹೋಗಿ ಪೆಟ್ಟಿಗೆಯ ನಗದು ಎಣಿಸುವುದು ನಮ್ಮ ಕಸುಬು. ಕ್ಯಾಶಿಯರ್ ಸಾಚಾ ಮನುಷ್ಯ ಎಂಬುದು ಎಣಿಸದಿರಲು ಕಾರಣವಲ್ಲ; ಎಣಿಸಿದ ಮೇಲೆಯೇ ಅವನನ್ನು ಸಾಚಾ ಎನ್ನಲು ನಮಗೆ ಅಧಿಕಾರ. ಊರವರ ಪೆಟ್ಟಿಗೆಗಳನ್ನೆಲ್ಲ ಎಣಿಸಿದವನು ಮನೆಯ ಪೆಟ್ಟಿಗೆಯನ್ನು ಅಳಿಯನ ಬಾಯಿಮಾತಿನ ಮೇಲೆ ಬಿಟ್ಟಿದ್ದೆ.

ಫೋನು ಮಾಡಿದೆ. “ಪರೀಕ್ಷೆ ಅಂದ್ರ ಒಡದ ನೋಡಬೇಕ್ರಿ ಮಾಮಾ. ಚಲೋ ಇದ್ದ ಡಿಸ್ಕನ್ನ ಬೇಕಂತನ ಸಾಯಿಸಬೇಕು. ಧೈರ್ಯ ಐತೇನ್ರಿ?” ಎಂದ. ಇಲ್ಲವೆಂದು ಹೇಳಲು ನಾಚಿಕೆಯಾಗಿ, ಇದೆ ಎಂದೆ. ಅವನು ಇನ್ನೊಂದು ಮಾತು ಸೇರಿಸಿದ. ಡಿಸ್ಕು ಮಾಡುವವರು ಅದರ ಆಯುಷ್ಯವನ್ನು ಸರಾಸರಿ ಹತ್ತು ಲಕ್ಷ ಗಂಟೆ, ಅಂದರೆ ನೂರಾ ಹದಿನಾಲ್ಕು ವರ್ಷ, ಎಂದು ಕಾಗದದ ಮೇಲೆ ಬರೆಯುವುದುಂಟು. ಆದರೆ ಮೇಲೆ ಹೇಳಿದ ಮೂವರಲ್ಲಿ ಒಬ್ಬರಾದ ಗಿಬ್ಸನ್ನರೇ ಬಿಯಾಂಕಾ ಶ್ರೋಡರ್ ಎಂಬಾಕೆಯೊಡನೆ ದೊಡ್ಡ ದೊಡ್ಡ ಕೇಂದ್ರಗಳ ದಾಖಲೆ ತೆಗೆದು ೨೦೦೭ರಲ್ಲಿ ಲೆಕ್ಕ ಹಾಕಿದಾಗ, ವರ್ಷಕ್ಕೆ ನೂರರಲ್ಲಿ ಎರಡರಿಂದ ನಾಲ್ಕು ಡಿಸ್ಕುಗಳನ್ನು ಬದಲಿಸಬೇಕಾಗುವುದು ಸಾಮಾನ್ಯವೆಂದೂ, ಕೆಲವೆಡೆ ಹದಿಮೂರರವರೆಗೆ ಹೋಗಿದೆಯೆಂದೂ ಕಂಡುಬಂತು. ಕಾಗದದ ಲೆಕ್ಕದಲ್ಲಿ ಅದು ನೂರಕ್ಕೆ ಒಂದೂ ಆಗಬಾರದಿತ್ತು. ಒಂದು ಕೆಟ್ಟ ಬೆನ್ನಿಗೇ ಇನ್ನೊಂದು ಕೆಡುವುದೂ ಉಂಟಂತೆ. ಒಂದೇ ದಿನ ಒಂದೇ ಅಂಗಡಿಯಲ್ಲಿ ಕೊಂಡ ನಮ್ಮ ಅವಳಿ ಡಿಸ್ಕುಗಳು ನೆನಪಾಗಿ ನನ್ನ ಧೈರ್ಯ ಇನ್ನಷ್ಟು ಕುಗ್ಗಿತು.

ರವಿವಾರ ಬಂದ. ಒಡೆಯುವ ಮೊದಲು ಈಗಿನ ಸ್ಥಿತಿ ನೋಡೋಣವೆಂದು ಏನೋ ಒಂದು ಆಜ್ಞೆ ಕೊಟ್ಟು ಪರದೆ ನೋಡಿದ, ನೋಡುತ್ತಲೇ ಸುಮ್ಮನಾದ. ಎರಡು ಡಿಸ್ಕೂ ನೆಟ್ಟಗಿದ್ದರೆ ಲಿನಕ್ಸು ಚೌಕ ಕಂಸದೊಳಗೆ ಇಂಗ್ಲಿಷಿನ ‘ಯು’ ಅಕ್ಷರವನ್ನು ಎರಡು ಸಲ ಬರೆದು ತೋರಿಸುತ್ತದೆ. ನಮ್ಮ ಪರದೆಯ ಮೇಲೆ ಒಂದೇ ‘ಯು’ ಇತ್ತು. ಅದರ ಪಕ್ಕದಲ್ಲಿ, ಗಂಡ ಸತ್ತವಳ ಬರಿ ಹಣೆಯಂತೆ, ಒಂದು ಅಡ್ಡಗೆರೆ.

“ಯಾವಾಗ ಹೋಯ್ತೋ ಇದು?” ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಅವನು ಯಂತ್ರ ನಿಲ್ಲಿಸಿ, ಮುಚ್ಚಳ ತೆಗೆದ. ಎರಡನೆಯ ಡಿಸ್ಕಿನ ಕೇಬಲ್ಲು ಅರ್ಧ ಕಳಚಿ ನಿಂತಿತ್ತು. ಒತ್ತಿ ಕೂರಿಸಿ ಮತ್ತೆ ಚಾಲೂ ಮಾಡಿದಾಗ ಡಿಸ್ಕೇನೋ ಎದ್ದಿತು. ಆದರೆ ಲಿನಕ್ಸು ಅದನ್ನು ಒಳಗೆ ಸೇರಿಸಿಕೊಳ್ಳಲಿಲ್ಲ. ‘ಇದು ತಾಜಾ ಅಲ್ಲ’ ಎಂದು ಹೊರಗಟ್ಟಿತು. ಹಳಸಿದ ಅನ್ನವನ್ನು ಹೊಸ ಅನ್ನದೊಡನೆ ಕಲಸದ ಗೃಹಿಣಿಯ ಎಚ್ಚರ ಅದು. ಪ್ರತಿಯೊಂದು ಡಿಸ್ಕಿನ ಹಣೆಯ ಮೇಲೂ ತಾನು ಯಾವ ಗುಂಪಿನವನು, ಕೊನೆಯ ಸಲ ಗುಂಪಿನೊಡನೆ ಇದ್ದದ್ದು ಎಂದು ಎಂಬ ಬರಹವಿರುತ್ತದೆ. ನಮ್ಮ ಹಳಸಿದ ಡಿಸ್ಕಿನ ಹಣೆಬರಹ ಓದಿದ: ೨೦೨೩ರ ಅಕ್ಟೋಬರ್ ೨೩, ಸೋಮವಾರ, ಬೆಳಿಗ್ಗೆ.

ಅಂದು ಖಂಡೆಪೂಜೆ. ಬೆಳಿಗ್ಗೆ ಯಂತ್ರವನ್ನು ನಿಲ್ಲಿಸಿ, ಈಚೆಗೆಳೆದು, ಧೂಳು ಝಾಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಕುಂಕುಮ ಹಚ್ಚಿ, ಚೆಂಡುಹೂವು ಏರಿಸಿದವನು ನಾನೇ. ಭಕ್ತಿಯಿಂದ ಕೊಟ್ಟ ಆ ಕುಲುಕಾಟದಲ್ಲಿಯೇ ಕೇಬಲ್ಲು ಕಳಚಿತ್ತು. ಅಂದಿನಿಂದ ಏಳು ತಿಂಗಳು ಅವ್ವನ ದನಿ ಒಂಟಿ ಡಿಸ್ಕಿನ ಮೇಲೆ ನಿಂತಿತ್ತು. ನಾನು ಮಾತ್ರ ಎರಡಿವೆಯೆಂದು ನಿದ್ದೆ ಮಾಡುತ್ತಿದ್ದೆ.

“ಇಷ್ಟು ದಿನ ಇದು ಒಂದು ಮಾತಾದರೂ ಹೇಳಬಾರದೇನೋ?” ಎಂದು ಯಂತ್ರದ ಮೇಲೆ ಸಿಟ್ಟಾದೆ.

“ಹೇಳೇತ್ರಿ ಮಾಮಾ,” ಎಂದು ಅವನು ತಲೆ ಕೆರೆದುಕೊಂಡ. ಯಂತ್ರದ ಒಳಗೇ ಒಂದು ಅಂಚೆಪೆಟ್ಟಿಗೆಯಿದೆ. ಮೇಲಧಿಕಾರಿಗೆ ಬರುವ ಕಾಗದಗಳು ಅಲ್ಲಿ ಬೀಳುತ್ತವೆ. ಆ ಪೆಟ್ಟಿಗೆಯನ್ನು ನಮ್ಮಿಬ್ಬರಲ್ಲಿ ಯಾರೂ ಒಮ್ಮೆಯೂ ತೆರೆದಿರಲಿಲ್ಲ. ತೆರೆದಾಗ ನೂರಾ ಅರವತ್ತಮೂರು ಪತ್ರಗಳು. ಯಂತ್ರ ಚಾಲೂ ಇದ್ದ ಪ್ರತಿದಿನವೂ ಅದು ಒಂದು ಪತ್ರ ಬರೆದಿತ್ತು: ಗುಂಪಿನಲ್ಲಿ ಒಂದು ಕಡಿಮೆಯಾಗಿದೆ, ದಯವಿಟ್ಟು ಗಮನಿಸಬೇಕು ಎಂಬ ಅರ್ಥದ್ದು. ಪ್ರತಿಯೊಂದರ ಕೊನೆಗೂ ಹಳೆಯ ಕಾಲದ ಗುಮಾಸ್ತರ ಒಕ್ಕಣೆ, ‘ತಮ್ಮ ವಿಶ್ವಾಸಿ, ಇತ್ಯಾದಿ’. ಆ ತಂತ್ರಾಂಶವನ್ನು ಬರೆದಾತನ ವಿನೋದ ಅದು. ಉತ್ತರ ಬಾರದ ನೂರಾ ಅರವತ್ತಮೂರು ಅರ್ಜಿಗಳನ್ನು ನನ್ನ ಸೇವಾವಧಿಯಲ್ಲಿ ಯಾರ ಮೇಜಿನ ಮೇಲಾದರೂ ಕಂಡಿದ್ದರೆ ಎಂಥ ಷರಾ ಬರೆಯುತ್ತಿದ್ದೆನೆಂಬುದು ನನಗೆ ಗೊತ್ತು.

ಒಡೆಯಲು ಬಂದವರಿಗೆ ಮೊದಲು ಕಟ್ಟುವ ಕೆಲಸ ಬಿತ್ತು. ಮುಂಜಾಗ್ರತೆಗೆ ಎಲ್ಲ ಪದಗಳನ್ನೂ ಹೊರಗಿನ ಒಂದು ಸಣ್ಣ ಡಿಸ್ಕಿಗೆ ಇಳಿಸಿದೆವು. ಆಮೇಲೆ ಹಳಸಿದ ಡಿಸ್ಕಿನ ಹಣೆಬರಹ ಅಳಿಸಿ, ಹೊಸಬನಂತೆ ಗುಂಪಿಗೆ ಸೇರಿಸಿದೆವು. ಲಿನಕ್ಸು ಒಂದರಿಂದ ಇನ್ನೊಂದಕ್ಕೆ ಪ್ರತಿ ತೆಗೆಯತೊಡಗಿತು. ಅದಕ್ಕೆ ಪದ ಯಾವುದು, ಖಾಲಿ ಜಾಗ ಯಾವುದು ಎಂಬ ಭೇದವಿಲ್ಲ. ಬರೆಯದ ಹಾಳೆಗಳನ್ನೂ ಶ್ರದ್ಧೆಯಿಂದ ನಕಲು ಮಾಡುತ್ತದೆ. ಸುಮಾರು ಮೂರು ಗಂಟೆಯ ಕೆಲಸ. ನಡುವೆ ಗುಡುಗಿ ಅಡ್ಡಮಳೆ ಬಂತು, ಕರೆಂಟು ಹೋಯಿತು. ನನ್ನ ಎದೆ ನಿಂತಿತು. ಕರೆಂಟು ಮರಳಿದಾಗ ಅದು ಬಿಟ್ಟ ಜಾಗಕ್ಕಿಂತ ಸ್ವಲ್ಪ ಹಿಂದಿನಿಂದ ಹಿಡಿದು ಮುಂದುವರಿಯಿತು. ಬೇಡಿಕೊಳ್ಳದೆಯೇ ಒಂದು ಪರೀಕ್ಷೆ ಪಾಸಾಗಿತ್ತು. ಸಂಜೆಗೆ ಪರದೆಯ ಮೇಲೆ ಎರಡು ‘ಯು’.

“ಈಗ ಒಡೀಲೇನ್ರಿ?” ಎಂದ.

ಅವ್ವನ ಒಂದು ಪದ ಹಚ್ಚಿದೆ. ಪದ ನಡೆದಿರುವಂತೆಯೇ ಅವನು ಮೊದಲನೆಯ ಡಿಸ್ಕು ಸತ್ತಿತೆಂದು ಘೋಷಿಸುವ ಆಜ್ಞೆ ಕೊಟ್ಟ. ‘ಯು’ ಒಂದು ಅಳಿಸಿಹೋಯಿತು, ಪದ ತುಂಡಾಗಲಿಲ್ಲ. ನಾನು ಚಪ್ಪಾಳೆ ತಟ್ಟಬೇಕೆನ್ನುವಷ್ಟರಲ್ಲಿ ಅವನು ತಲೆಯಾಡಿಸಿದ. “ಇದು ಪರೀಕ್ಷೆ ಅಲ್ರಿ ಮಾಮಾ. ಯಂತ್ರಕ್ಕ ನೆನಪು ಅಂತ ಬ್ಯಾರೇನ ಐತಿ. ಒಮ್ಮೆ ಓದಿದ್ದನ್ನ ಅಲ್ಲಿ ಇಟ್ಕೊಂಡಿರ್ತೈತಿ. ಪದ ಡಿಸ್ಕಿನಿಂದ ಬಂತೋ, ನೆನಪಿನಿಂದ ಬಂತೋ, ಯಾರಿಗೆ ಗೊತ್ತು?” ಆ ನೆನಪನ್ನು ಬರಿದು ಮಾಡುವ ಆಜ್ಞೆ ಕೊಟ್ಟು, ಬೇರೊಂದು ಪದ ಹಚ್ಚಿಸಿದ. ಆಗಲೂ ಬಂತು. ಡಿಸ್ಕಿನಿಂದಲೇ ಬಂತು.

ಆಜ್ಞೆಯಿಂದ ಸಾಯುವುದು ಬೇರೆ, ನಿಜವಾಗಿ ಸಾಯುವುದು ಬೇರೆ ಎಂದು, ಮತ್ತೆ ಎರಡನ್ನೂ ಕೂಡಿಸಿದ ಮೇಲೆ, ಯಂತ್ರ ನಡೆದಿರುವಾಗಲೇ ಒಂದರ ಕೇಬಲ್ಲು ಎಳೆದ. ಈ ಸಲ ಪದ ಒಂದು ಕಡೆ ತಡವರಿಸಿತು. ಲಿನಕ್ಸು ಹೋದ ಡಿಸ್ಕನ್ನು ಕೆಲವು ಸಲ ಕೂಗಿ ಕರೆದು, ಓಗೊಡಲಿಲ್ಲವೆಂದು ಖಾತ್ರಿಯಾದ ಮೇಲೆ ಇನ್ನೊಂದರ ಕಡೆ ತಿರುಗುತ್ತದಂತೆ. ಆ ಕೆಲವು ಕ್ಷಣ ನಾವಿಬ್ಬರೂ ಉಸಿರು ಬಿಡಲಿಲ್ಲ. ಆಮೇಲೆ ಪದ ನಿಂತಲ್ಲಿಂದ ನಡೆಯಿತು.

ಮೂರನೆಯದರಲ್ಲಿ ಸೋತೆವು. ಮೊದಲನೆಯ ಡಿಸ್ಕನ್ನು ಪೂರ್ತಿ ಕಳಚಿಟ್ಟು, ಎರಡನೆಯದೊಂದರಿಂದಲೇ ಯಂತ್ರವನ್ನು ಎಬ್ಬಿಸಲು ನೋಡಿದರೆ ಪರದೆ ಕಪ್ಪಾಗಿಯೇ ಕೂತಿತು. ಯಂತ್ರವನ್ನು ನಿದ್ದೆಯಿಂದ ಎಬ್ಬಿಸುವ ಒಂದು ಪುಟ್ಟ ತಂತ್ರಾಂಶವಿದೆ, ‘ಗ್ರಬ್’ ಎಂದು ಅದರ ಹೆಸರು. ಅದು ಇರುವ ಜಾಗ ಕನ್ನಡಿಯ ಹೊರಗೆ. ಆದ್ದರಿಂದ ತಾನಾಗಿಯೇ ಎರಡನೆಯದಕ್ಕೆ ಹೋಗುವುದಿಲ್ಲ. ೨೦೧೯ರಲ್ಲಿ ಅಳಿಯರಾಯರು ಅದನ್ನು ಮೊದಲನೆಯ ಡಿಸ್ಕಿಗೆ ಮಾತ್ರ ಹಾಕಿ ಕೈ ಒರೆಸಿಕೊಂಡಿದ್ದರು. ಖಂಡೆಪೂಜೆಯ ದಿನ ನನ್ನ ಒದ್ದೆ ಬಟ್ಟೆ ಎಡಕ್ಕೆ ತಗಲುವ ಬದಲು ಬಲಕ್ಕೆ ತಗಲಿದ್ದರೆ ಯಂತ್ರ ಏಳುತ್ತಲೇ ಇರಲಿಲ್ಲ. ಪದಗಳು ಎರಡನೆಯದರಲ್ಲಿ ಸುರಕ್ಷಿತವಾಗಿದ್ದರೂ, ಹೋದವೆಂದೇ ತಿಳಿದು ನಾವು ಬಾಯಿ ಬಡಿದುಕೊಳ್ಳುತ್ತಿದ್ದೆವು. ಅವನು ಮುಖ ಕೆಂಪಗೆ ಮಾಡಿಕೊಂಡು ಸರಿಪಡಿಸಿದ. ಎರಡನೆಯದೊಂದೇ ಏಳುವುದನ್ನು ಕಣ್ಣಾರೆ ನೋಡಿದ ಮೇಲೆ ಬಿಟ್ಟೆವು. ಯಂತ್ರ ಬರೆಯುವ ಪತ್ರಗಳು ನನ್ನ ಮೊಬೈಲಿಗೇ ಬರುವಂತೆ ಮಾಡಿ, ಒಂದು ಪರೀಕ್ಷಾಪತ್ರ ಬರೆಸಿ, ಅದು ಬಂದು ಮುಟ್ಟಿದ್ದನ್ನೂ ನೋಡಿದೆವು.

ಕೊನೆಯ ಪರೀಕ್ಷೆ ನಾನೇ ಸೂಚಿಸಿದ್ದು. ನಕಲು ಮಾಡಿಟ್ಟ ಒಂದು ಪದವನ್ನು ಬೇಕೆಂದೇ ಅಳಿಸಿ, ಎರಡನೆಯ ಡಿಸ್ಕಿನಲ್ಲಾದರೂ ಇದೆಯೋ ಎಂದು ಕೇಳಿದೆ. ಇರಲಿಲ್ಲ. ಕನ್ನಡಿ ಅಲ್ಲವೆ? ನಾನು ಹಣೆಗೆ ಮಸಿ ಹಚ್ಚಿಕೊಂಡರೆ ಅದೂ ಹಚ್ಚಿಕೊಳ್ಳಬೇಕು. ಡಿಸ್ಕಿನ ಸಾವಿನಿಂದ ಅದು ಕಾಪಾಡೀತು. ನನ್ನ ಕೈತಪ್ಪಿನಿಂದ, ಕಳ್ಳನಿಂದ, ನೆರೆಯಿಂದ ಕಾಪಾಡಲಾರದು. ಹಾಗಾದರೆ ಬೇರೊಂದು ಊರಿನಲ್ಲಿ ಮೂರನೆಯದೊಂದು ಪ್ರತಿ ಇರಲೇಬೇಕು. ಅಲ್ಲಿಗೆ ಸಣ್ಣ ಡಿಸ್ಕಿನ ಊರು ಗೊತ್ತಾಯಿತು: ಖಾನಾಪುರ.

ಒಂದು ಪ್ರಶ್ನೆ ಉಳಿದಿತ್ತು. ಲಿನಕ್ಸು ಎರಡು ಡಿಸ್ಕುಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿ ತಾಳೆ ನೋಡಬಲ್ಲದು. ನೋಡಿಸಿದೆವು, ವ್ಯತ್ಯಾಸ ಸೊನ್ನೆ ಎಂದಿತು. “ವ್ಯತ್ಯಾಸ ಬಂದಿದ್ದರೆ ಯಾವುದು ಸರಿ ಅಂತ ಹೇ಻ಗೋ ತಿಳೀತದ?” ಎಂದೆ. “ತಿಳಿಯೂದಿಲ್ರಿ. ಎರಡೇ ಸಾಕ್ಷಿ ಇದ್ದು ಎರಡೂ ಬ್ಯಾರೆ ಬ್ಯಾರೆ ಹೇಳಿದ್ರ ಏನ ಮಾಡ್ತೀರಿ? ಸರಿ ಮಾಡು ಅಂದ್ರ ಇದು ಒಂದರದ್ದನ್ನ ಇನ್ನೊಂದಕ್ಕ ಬರೀತೈತಿ, ಅಷ್ಟ.” ನಮ್ಮ ಕಿರ್ದಿಯಲ್ಲಿ ಇದಕ್ಕೆ ಉಪಾಯವಿದೆ, ಪುಟದ ಅಡಿಗೆ ಮೊತ್ತ ಬರೆಯುವುದು. ಕಂಪ್ಯೂಟರಿನಲ್ಲೂ ಅಂಥದೇ ಇದೆಯಂತೆ. ಒಂದೊಂದು ಪದಕ್ಕೂ ಅರವತ್ತನಾಲ್ಕು ಅಕ್ಷರದ ಒಂದು ಮೊತ್ತ ತೆಗೆದಿಟ್ಟರೆ, ಮುಂದೆ ಪದದಲ್ಲಿ ಒಂದು ಚುಕ್ಕೆ ಬದಲಾದರೂ ಮೊತ್ತ ಬೇರೆಯಾಗುತ್ತದೆ. ಖಾನಾಪುರ ತಾಲೂಕಿನ ಹಲಸಿಯಲ್ಲಿ ಕದಂಬರ ತಾಮ್ರಪಟಗಳು ಸಿಕ್ಕಿವೆ. ಒಂದು ಹಲಗೆ ತೆಗೆದು ಇನ್ನೊಂದು ಸೇರಿಸಲು ಬಾರದಂತೆ ಅಂಥ ಹಲಗೆಗಳನ್ನು ಉಂಗುರದಲ್ಲಿ ಪೋಣಿಸಿ ಮುದ್ರೆ ಒತ್ತುತ್ತಿದ್ದರು. ಇದೂ ಅದೇ ಜಾತಿಯ ಮುದ್ರೆ. ಎಲ್ಲಕ್ಕೂ ಮೊತ್ತ ತೆಗೆದೆವು. ಆದರೆ ಮೊತ್ತ ಇಂದಿನಿಂದ ಮುಂದಕ್ಕೆ ಮಾತ್ರ ಸಾಕ್ಷಿ. ೧೯೮೭ರಿಂದ ಇಂದಿನವರೆಗೆ ನಡೆದದ್ದಕ್ಕೆ ಸಾಕ್ಷಿ ಯಾರು? ಲೆಕ್ಕ ಬರೆದಾಗ ಎದುರಿಗೆ ಇದ್ದವರನ್ನೇ ಕೇಳಬೇಕು. ಅವರಲ್ಲಿ ಒಬ್ಬಳು ಇನ್ನೂ ಖಾನಾಪುರದಲ್ಲಿದ್ದಳು.

ಮುಂದಿನ ರವಿವಾರ ಕುಂದಾದ ಡಬ್ಬಿ, ಸಣ್ಣ ಡಿಸ್ಕು, ಹೆಗಲ ಮೇಲೆ ಹೊರುವ ಕಂಪ್ಯೂಟರು ಹಿಡಿದು ಬಸ್ಸು ಹತ್ತಿದೆ. ಪೀರನವಾಡಿ, ಮಚ್ಛೆ, ದೇಸೂರು ದಾಟಿದರೆ ಖಾನಾಪುರ ಬಹಳ ದೂರವಿಲ್ಲ. ಇಪ್ಪತ್ತೈದು ಚಿಲ್ಲರೆ ಕಿಲೋಮೀಟರಿನ ದಾರಿ. ಆ ದಾರಿಯನ್ನು ತುಳಿಯದೆ ವರ್ಷವಾಗುತ್ತ ಬಂದಿತ್ತು.

ಚಿಗವ್ವನಿಗೆ ಎಂಬತ್ತು ದಾಟಿದೆ. ಕಣ್ಣು ಮಂದ, ಕಿವಿ ಚುರುಕು. ಡಿಸ್ಕನ್ನು ಈ ಮನೆಯಲ್ಲಿ ಇಡಲು ತಂದಿದ್ದೇನೆಂದು ಕೇಳಿ, “ಮತ್ತ ಇಲ್ಲೇ ತಂದಿಯೇನೋ ತಮ್ಮಾ? ಮೊದಲ ಮುಳಗಿಸಿದ್ದು ಸಾಲಲಿಲ್ಲೇನು?” ಎಂದಳು. ಈ ಸಲ ಉಕ್ಕಿನ ಡಬ್ಬಿಯಲ್ಲಿ ಹಾಕಿ ಅಟ್ಟದ ಮೇಲೆ ಇಟ್ಟೆ. ಇಳಿದು ಬಂದು ಅವಳ ಪಕ್ಕ ಕೂತು ಮೊದಲನೆಯ ಪದ ಹಚ್ಚಿದೆ.

ಎರಡು ಸಾಲು ಆಗುವವರೆಗೆ ಅವಳು ಅಲುಗಲಿಲ್ಲ. ನಾನು ಪಟ್ಟಿಯಲ್ಲಿ ಬರೆದಿದ್ದನ್ನು ಓದಿ ಹೇಳಿದೆ: “ಅವ್ವ ಎತ್ತಿದ್ದು, ಚಿಗವ್ವ ತಿರುಗಿ ಹೇಳಿದ್ದು.”

“ಯಾರಂದ್ರೋ ಹಂಗ? ಎತ್ತಿದಾಕಿ ನಾನು.”

ನಾನು ನಕ್ಕೆ. ಅಕ್ಕತಂಗಿಯರ ದನಿ ಒಂದೇ ಎಂದು ಮನೆಯಲ್ಲಿ ಹೆಸರಾಗಿತ್ತು. ಹೊರಗಿನಿಂದ ಕರೆದರೆ ಯಾರು ಓಗೊಟ್ಟರೆಂದು ಅಪ್ಪನಿಗೇ ತಿಳಿಯುತ್ತಿರಲಿಲ್ಲ. ಆದರೂ ಹದಿನಾರು ವರ್ಷ ಆ ಮೊದಲನೆಯ ದನಿಯನ್ನೇ ಅವ್ವನ ದನಿಯೆಂದು ಕೇಳಿದ್ದೇನೆ. ಶ್ರಾದ್ಧದ ದಿನ ಅದನ್ನೇ ಹಚ್ಚಿದ್ದೇನೆ.

“ಅಕ್ಕಗ ಪದ ಭಾಳ ಬರ್ತಿದ್ದಿಲ್ಲೋ. ನಾ ಎತ್ತತಿದ್ನಿ, ಆಕಿ ಬೆನ್ನ ಹತ್ತತಿದ್ಳು. ಆಕಿ ಎತ್ತಿದ್ದು ಎರಡೋ ಮೂರೋ, ಅವೂ ಓವಿ.”

ತಪಾಸಣೆ ಮಾಡಿದವನ ಚಟ ಹೋಗುವುದಿಲ್ಲ, ಬಾಯಿಮಾತನ್ನು ಒಪ್ಪಿಕೊಳ್ಳಲಿಲ್ಲ. ಎರಡನೆಯ ಕ್ಯಾಸೆಟ್ಟಿನಿಂದ ಇಳಿಸಿದ ಒಂದು ಪದ ಹಚ್ಚಿ, ಒಂದು ಸಾಲು ಮುಗಿದು ಇನ್ನೊಂದು ಏಳುವ ಮುನ್ನ ತಟ್ಟನೆ ನಿಲ್ಲಿಸಿದೆ. “ಮುಂದ?” ಎಂದೆ.

ಚಿಗವ್ವ ತಡವರಿಸಲಿಲ್ಲ. ಎಂಬತ್ತರ ದನಿ, ಬಿರುಕು ಬಿಟ್ಟದ್ದು. ಆದರೆ ಸಾಲಿನ ಕೊನೆಗೆ ಒಂದು ಅಕ್ಷರವನ್ನು ಕಲ್ಲಿನ ಒಂದು ಸುತ್ತಿನಷ್ಟು ಎಳೆದು ಇಳಿಸುವ ರೀತಿಯಿದೆಯಲ್ಲ, ಅದು ನಾನು ಹದಿನಾರು ವರ್ಷ ಕೇಳಿದ್ದೇ. ಸಾಲು ಮುಗಿಸಿ ಅವಳು ಸುಮ್ಮನಾದಳು. ಮರೆತಳೇನೋ ಎಂದುಕೊಂಡೆ. ಮರೆತಿರಲಿಲ್ಲ, ಕಾಯುತ್ತಿದ್ದಳು. ಎತ್ತಿದವಳು ಒಂದು ಸಾಲು ಹೇಳಿ, ಇನ್ನೊಬ್ಬಳು ತಿರುಗಿ ಹೇಳುವವರೆಗೆ ಕಾಯಬೇಕು. ಅದು ಬೀಸುವ ಕಲ್ಲಿನ ನಿಯಮ.

ನಾನು ಕೈ ಚಾಚಿ ಗುಂಡಿ ಒತ್ತಿದೆ. ಮೊದಲು ಅವಳು ಈಗಷ್ಟೆ ಹೇಳಿದ ಸಾಲು, ಅದೇ ಎಳೆತದೊಡನೆ, ಎಳೆಯ ದನಿಯಲ್ಲಿ ಬಂತು. ಅದರ ಬೆನ್ನಿಗೆ ಇನ್ನೊಂದು ದನಿ ಅದನ್ನೇ ತಿರುಗಿ ಹೇಳಿತು. ತುಸು ತಗ್ಗಿನ, ಕೊನೆಗೆ ಉಸಿರು ಸಾಲದ, ಅಷ್ಟು ವರ್ಷ ನಾನು ಚಿಗವ್ವನದೆಂದು ಕಿವಿಗೊಡದೆ ಬಿಟ್ಟ ದನಿ.

“ಈಕಿ ನೋಡು ನಿಮ್ಮವ್ವ,” ಎಂದಳು ಚಿಗವ್ವ.

ಏಳು ಕ್ಯಾಸೆಟ್ಟಿನ ಪದಗಳನ್ನು ಕೇಳಿ ಮುಗಿಸುವಷ್ಟರಲ್ಲಿ ಬೆಳಗಾವಿಯ ಕೊನೆಯ ಬಸ್ಸಿನ ಹೊತ್ತಾಗಿತ್ತು. ಪಟ್ಟಿಯ ತುಂಬ ತಿದ್ದುಪಡಿ. ಡಿಸ್ಕುಗಳಲ್ಲಿ ಒಂದು ಚುಕ್ಕೆಯೂ ತಪ್ಪಿರಲಿಲ್ಲ. ತಪ್ಪಿದ್ದು ನಾನು ಬರೆದದ್ದು. ನನ್ನ ಆ ತಪ್ಪನ್ನು ಎರಡು ಡಿಸ್ಕುಗಳೂ ಅಕ್ಷರಶಃ ಕಾಪಾಡಿಕೊಂಡು ಬಂದಿದ್ದವು. ಅದನ್ನು ತಿದ್ದಬಲ್ಲವಳು ಇಪ್ಪತ್ತೈದು ಕಿಲೋಮೀಟರು ದೂರದಲ್ಲಿ ಒಬ್ಬಳೇ ಕೂತಿದ್ದಳು. ಅವಳೂ ಇಲ್ಲವಾಗಿದ್ದರೆ ತಪ್ಪೇ ದಾಖಲೆಯಾಗಿ ಉಳಿಯುತ್ತಿತ್ತು.

ಈಗ ತಿಂಗಳ ಮೊದಲನೆಯ ರವಿವಾರ ನಮ್ಮ ಯಂತ್ರ ನಡುರಾತ್ರಿಯ ಮೇಲೆ ತಾನಾಗಿಯೇ ಎರಡು ಡಿಸ್ಕುಗಳನ್ನು ತಾಳೆ ನೋಡುತ್ತದೆ; ಅದಕ್ಕೆಂದೇ ಆ ಶನಿವಾರ ರಾತ್ರಿ ಅದನ್ನು ಚಾಲೂ ಬಿಡುತ್ತೇನೆ. ಬೆಳಿಗ್ಗೆ ಎದ್ದು ಎರಡು ‘ಯು’ ಇವೆಯೋ ಇಲ್ಲವೋ ಎಂದು ಕಣ್ಣಿನಿಂದ ನೋಡಿ, ಸೊನ್ನೆಯನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಆಮೇಲೆ ಖಾನಾಪುರಕ್ಕೆ ಫೋನು ಮಾಡುತ್ತೇನೆ. “ಇದ್ದೀನೋ, ಇನ್ನೂ ಇದ್ದೀನಿ,” ಎನ್ನುತ್ತಾಳೆ ಚಿಗವ್ವ, ನಾನು ಕೇಳುವ ಮೊದಲೇ.